ಅತ್ತೆ ಕೇಳದ ಮಾತು

ಡಿಸೆಂಬರ್ 2, ಮಂಗಳವಾರ

ಇವತ್ತೂ ಹೇಳಿಕೆ ಕೇಳಲು ಬಂದವರ ಚಪ್ಪಲಿ ಗೇಟಿನವರೆಗೆ. ಚಿಕ್ಕಲಸಂದ್ರದಲ್ಲಿ ಪಾರ್ಕಿಂಗ್ ಜಗಳಕ್ಕೂ ನಮ್ಮ ಮನೆಯೇ ಕಾರಣ. ಪ್ರತಿ ಮಂಗಳವಾರದಂತೆ ಅತ್ತೆ ತಲೆಗೆ ನೀರು ಹಾಕಿಕೊಂಡು ಮಣೆಯ ಮೇಲೆ ಕೂತರು. ತಮಟೆ ಶುರುವಾಯಿತು. ಕೆರೆಕೋಡಮ್ಮ ಮೈಮೇಲೆ ಬಂದಳು, ಕೇಳಿದವರಿಗೆಲ್ಲ ಹೇಳಿಕೆ ಕೊಟ್ಟಳು, ಹೋದಳು. ಅತ್ತೆ ಕಣ್ಣುಬಿಟ್ಟು, "ಕಾಫಿ ಕೊಡವ್ವ ಶ್ವೇತ" ಅಂದರು. ಏನು ಹೇಳಿದೆ ಎಂದು ಅವರು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಮೈ ಕೊಟ್ಟವಳ ಕಿವಿಗೆ ಅಮ್ಮನ ಮಾತು ಬೀಳಬಾರದು — ಈ ಮನೆಯ ಕಟ್ಟು.

ಆಮೇಲೆ ಶ್ರೀಕರ್ ಫೋನ್, ಫೆಸ್ಟಿವಲ್ ಆಫೀಸಿನಿಂದ. ಪುರಾಣ, ಫ್ಯಾಂಟಸಿ ಸಿನಿಮಾಗಳಿಗೇ ಮೀಸಲಾದ ಇಂಟರ್‌ನ್ಯಾಷನಲ್ ಫೆಸ್ಟಿವಲ್, ಅದೂ ಜೆ.ಪಿ. ನಗರದಲ್ಲಿ. ಅತ್ತೆಯ ಮೈಮೇಲೆ ಅಮ್ಮ ಬರುವುದನ್ನೇ ಚಿತ್ರಿಸಿದ ನನ್ನ ಮೊದಲ ಸಿನಿಮಾ ಕಾಂಪಿಟಿಷನ್‌ನಲ್ಲಿದೆ. "ಭಾನುವಾರ ಹನ್ನೊಂದಕ್ಕೆ ನಿಮ್ದು ಮೇಡಂ. ಹೌಸ್‌ಫುಲ್!"

ಕುಣಿಯಬೇಕಿತ್ತು. ಅಷ್ಟರಲ್ಲಿ ಅತ್ತೆ, "ನಾನೂ ಬತ್ತೀನಿ ಕಣವ್ವ. ಮಾತು ಬರೋ ಕಡೆ ತಮಟೆ ಸದ್ದು ಹಾಕ್ಬಿಡು, ಕಟ್ಟು ಮುರೀದಂಗೆ" ಅಂದರು. ಎಷ್ಟು ಸಲೀಸಾಗಿ!

ಡಿಸೆಂಬರ್ 3

ರಘು ಬೆಳಿಗ್ಗೆಯಿಂದ ಮುಖ ಗಂಟು ಹಾಕಿಕೊಂಡಿದ್ದಾರೆ. ಇಬ್ಬರಿಗೂ ಗೊತ್ತು ಯಾಕೆಂದು.

ಹೋದ ವರ್ಷ ಜೂನ್‌ನಲ್ಲಿ, ಶೂಟಿಂಗ್ ದಿನ, ಅತ್ತೆಯ ಬಾಯಲ್ಲಿ ಕೆರೆಕೋಡಮ್ಮ ಹೇಳಿದ್ದು ಇದು: "ಕೆರೆ ಹೋಯ್ತು. ನಾನೂ ಹೊಂಟೆ. ಇವಳ ಮೈಮ್ಯಾಲೆ ಇನ್ ಬರಕಿಲ್ಲ. ಇದೇ ಕೊನೆ." ಕೇಳಿದವರು ನಾನು, ರಘು, ಕ್ಯಾಮೆರಾ ಹಿಡಿದಿದ್ದ ವೇಣು. ಮರುವಾರವೇ ತಮಟೆಗೆ ಅತ್ತೆಯ ಮೈ ಅದುರಿತು, ಹೇಳಿಕೆ ಬಂತು, ಎಲ್ಲ ಮಾಮೂಲು. ಉಸಿರು ಬಿಟ್ಟು ಸುಮ್ಮನಾದೆವು.

"ಆ ಶಾಟ್ ತೆಗೆದ್ಬಿಡು," ರಘು ಅಂದರು. "ಜಮೀನೂ ಹೋಯ್ತು, ಅಪ್ಪನೂ ಹೋದ್ರು. ನಮ್ಮಮ್ಮಂಗೆ ಇದು ಬಿಟ್ರೆ ಇನ್ನೇನಿದೆ ಹೇಳು?"

"ಅದೇ ರೀ ಸಿನಿಮಾ. ಅದು ತೆಗೆದ್ರೆ ಬರೀ ಹೂವು, ಹೊಗೆ."

"ನಿಂಗೆ ಪ್ರೈಜ್ ಮುಖ್ಯ."

ಹೌದು, ಮುಖ್ಯ. ಐದು ವರ್ಷ ಒದ್ದಾಡಿದ್ದೇನೆ. ಅವರ ಎದುರು ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ.

ಡಿಸೆಂಬರ್ 4, ಸಂಜೆ 6

ದಾರಿ ಸಿಕ್ಕಿತು! ಅತ್ತೆ ಹೇಳಿದ ಹಾಗೆಯೇ ಮಾತಿನ ಮೇಲೆ ತಮಟೆ ಹಾಕಿದೆ. ಒಂದು ಅಕ್ಷರವೂ ಕೇಳಿಸುವುದಿಲ್ಲ. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಹಾಗೇ ಇರಲಿ. ಅತ್ತೆಗೆ ಇಂಗ್ಲಿಷ್ ಓದಲು ಬಾರದು, ಜ್ಯೂರಿಗೆ ಕನ್ನಡ ಬಾರದು. ಇಬ್ಬರಿಗೂ ಬೇಕಾದ್ದು ಸಿಕ್ಕಿತು. ಹೊಸ ಫೈಲ್ ಶ್ರೀಕರ್ ಕೈಗೆ ಕೊಟ್ಟು ಬಂದೆ. ರಘು ಇನ್ನೂ ಮಾತಾಡಿಲ್ಲ. ಆಡದಿರಲಿ.

ಡಿಸೆಂಬರ್ 7, ಭಾನುವಾರ, ಬೆಳಿಗ್ಗೆ 10.30

ಥಿಯೇಟರ್ ಲಾಬಿ. ಅತ್ತೆ ಹಸಿರು ರೇಷ್ಮೆ ಸೀರೆ, ಮೂಗುಬೊಟ್ಟು. ರೆಕ್ಕೆ ಇರುವವರ ಪೋಸ್ಟರುಗಳಿಗೆಲ್ಲ ಕೈ ಮುಗಿದಾಯಿತು — "ಯಾವೂರ್ ದೇವ್ರೋ ಏನೋ, ಮುನಿಸ್ಕಬಾರದು." ಏನೂ ಆಗುವುದಿಲ್ಲ. ಆ ಹೊತ್ತಿಗೆ ತಮಟೆ ಇದೆ...

ಅದೇ ದಿನ, ಸಂಜೆ

ಆಗಿಹೋಯಿತು.

ಸಿನಿಮಾ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶ್ರೀಕರ್ ಉತ್ಸಾಹ ತಡೆಯದೆ ಅತ್ತೆಯನ್ನೂ ಸ್ಟೇಜಿಗೆ ಕರೆದುಬಿಟ್ಟ. ಬೇಡ ಎನ್ನುವಷ್ಟರಲ್ಲಿ ಅವರು ಮೆಟ್ಟಿಲು ಹತ್ತಿದ್ದರು. ಮುಂದಿನ ಸಾಲಿನ ಫಾರಿನ್ ಜ್ಯೂರಿ ಮೇಡಂ ಮೈಕ್ ತೆಗೆದುಕೊಂಡು ಇಂಗ್ಲಿಷಿನಲ್ಲಿ ಏನೋ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ವಾಲಂಟಿಯರ್ ಹುಡುಗಿ ಉಮಾಶ್ರೀ, ಒಳ್ಳೆಯ ಹುಡುಗಿ ಪಾಪ, ಅತ್ತೆಯ ಕಡೆ ಬಾಗಿ ಅಚ್ಚುಕಟ್ಟಾಗಿ ಕನ್ನಡ ಮಾಡಿದಳು.

"ಆಂಟಿ, 'ನಾನು ಹೋಗ್ತೀನಿ, ಇವಳ ಮೈಮೇಲೆ ಇನ್ನು ಬರಲ್ಲ, ಇದೇ ಕೊನೆ' ಅಂದ್ರಲ್ಲ ಕೆರೆಕೋಡಮ್ಮ... ಅವ್ರು ಹೋದ್ಮೇಲೆ ನಿಮ್ ಜೀವನ ಹೇಗಿದೆ ಅಂತ ಕೇಳ್ತಿದಾರೆ."

ಅತ್ತೆ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಆಮೇಲೆ ಮೈಕಿನಲ್ಲಿ, "ಚೆನ್ನಾಗಿವ್ನಿ" ಅಂದರು. ಹಾಲ್ ಪೂರ್ತಿ ಚಪ್ಪಾಳೆ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

ಕಾರು ಬನಶಂಕರಿ ದಾಟಿದ ಮೇಲೆ ಅತ್ತೆ ಕೇಳಿದರು.

"ಯಾವತ್ತವ್ವ ಅಂದಿದ್ದು?"

"ಹೋದ್ವರ್ಷ, ಶೂಟಿಂಗ್ ದಿನ ಅತ್ತೆ."

ಅತ್ತೆ ಬೆರಳು ಮಡಿಚಿ ಮಂಗಳವಾರಗಳನ್ನು ಎಣಿಸತೊಡಗಿ, ಅರ್ಧಕ್ಕೇ ಬಿಟ್ಟರು.

"ಹಂಗಾದ್ರೆ ಅವತ್ತಿಂದ ಬತ್ತಿರೋರು ಯಾರು?"

ರಘು ಕನ್ನಡಿಯಲ್ಲಿ ನನ್ನ ಕಡೆ ನೋಡಿದರು.

ಡಿಸೆಂಬರ್ 9, ಮಂಗಳವಾರ, ಬೆಳಿಗ್ಗೆ 7

ಪ್ರೈಜ್ ಬಂದಿದೆಯಂತೆ. ಶ್ರೀಕರ್‌ಗೆ ವಾಪಸ್ ಫೋನ್ ಮಾಡಿಲ್ಲ.

ಅಂಗಳದಲ್ಲಿ ಜನ. ಎಲ್ಲರಿಗಿಂತ ಮುಂದೆ ಶಾಂತವೀರಪ್ಪ — ಹಾವೇರಿ ಕಡೆಯವರು, ನಮ್ಮ ಮೇಲಿನ ಮನೆ ಬಾಡಿಗೆದಾರರು. ಈ ವರ್ಷ ಯುಗಾದಿಯ ಹೊತ್ತಿಗೆ ಹೇಳಿಕೆಯಲ್ಲಿ 'ಬ್ಯಾಡ' ಎಂದು ಬಂದಿದ್ದಕ್ಕೆ ದೊಡ್ಡ ಮಗಳ ಮದುವೆ ಮುರಿದರು. ಆ ಹುಡುಗಿ ಇನ್ನೂ ಸರಿಯಾಗಿ ಊಟ ಮಾಡುವುದಿಲ್ಲ. ಈಗ ಎರಡನೆಯವಳಿಗೆ ಕೇಳಲು ನಿಂತಿದ್ದಾರೆ. ಆ 'ಬ್ಯಾಡ' ಯಾರದು?

ಅತ್ತೆ ತಲೆಗೆ ನೀರು ಹಾಕಿಕೊಂಡಿಲ್ಲ. ನನ್ನ ರೂಮಿಗೆ ಬಂದು ನೆಲದ ಮೇಲೆ ಕೂತರು.

"ಆ ತಮಟೆ ಸದ್ದು ತೆಗ್ದು ಸಿನಿಮಾ ಹಾಕು. ನಾನು ಕೇಳ್ಬೇಕು."

"ಬೇಡಮ್ಮ, ಕಟ್ಟು ಇದೆ," ರಘು ಅಂದರು.

"ಇರ್ಲಿ ಕಣಪ್ಪ. ಊರೋರೆಲ್ಲ ಕೇಳವ್ರೆ ಅವಳ ಮಾತ. ನಂದೇ ಬಾಯಿ, ನಾನೊಬ್ಳೇ ಕೇಳಿಲ್ಲ. ಅವಳ ದನಿ ಹೆಂಗಿತ್ತು ಅಂತ ಗೊತ್ತಾದ್ರೆ ತಾನೆ, ಈಗ ಬತ್ತಿರೋದು ಅವಳೋ ನಾನೋ ಅಂತ ಗೊತ್ತಾಗೋದು?"

ಹಾರ್ಡ್‌ಡಿಸ್ಕಿನಿಂದ ಹಳೆಯ ಫೈಲ್ ಕಾಪಿ ಆಗುತ್ತಿದೆ. ಕೈ ಸುಮ್ಮನಿರುವುದಿಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ. ಅತ್ತೆ ಲ್ಯಾಪ್‌ಟಾಪ್ ಪರದೆಯನ್ನೇ ನೋಡುತ್ತಿದ್ದಾರೆ. ಹೊರಗಿನವರಿಗೆ ತಡವಾಯಿತು ಅನ್ನಿಸಿತೇನೋ, ಯಾರನ್ನೂ ಕೇಳದೆ ತಮಟೆ ಶುರು ಮಾಡಿದರು. ರಘು ನಿಲ್ಲಿಸಲು ಓಡಿದರು.

ಕಾಪಿ ಆಯಿತು. ಅತ್ತೆಯ ಭುಜ ಅದುರುತ್ತಿದೆ. ಅಳುತ್ತಿದ್ದಾರೋ, ಇಲ್ಲ ಹೊರಗಿನ ತಮಟೆಗೆ ಮೈಮೇಲೆ ಬರುತ್ತಿದೆಯೋ...