ಏಳನೇ ಯಂತ್ರದ ಹುಡುಗಿ

ಸೋಲ್, ದಕ್ಷಿಣ ಕೊರಿಯಾ, ನವೆಂಬರ್ ೧೯೭೪

ಮಾನ್ಯ ಪಾದ್ರಿ ಪ್ಯೋ ಅವರಿಗೆ,

ನಿಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಇಂಗ್ಲಿಷ್ ಪಾಠದ ನೆಪದಲ್ಲಿ ನಾನು ಹೊಲಿಗೆ ಹುಡುಗಿಯರನ್ನು ಎತ್ತಿಕಟ್ಟುತ್ತಿದ್ದೇನೆ ಎಂದು ಕಾರ್ಖಾನೆಯ ಮೇಲ್ವಿಚಾರಕರು ದೂರಿದ್ದಾರೆ. ಏನು ಕಲಿಸಿದೆನೆಂದು ನೀವು ಕೇಳಿದ್ದೀರಿ.

ಕಳೆದ ಭಾನುವಾರ ಕಲಿಸಿದ್ದು ‘ನೇಮ್’ ಎಂಬ ಒಂದೇ ಪದ. ಅರ್ಥ, ಹೆಸರು. ಬಳಕೆ, ಹೊಸಬರನ್ನು ಕಂಡಾಗ ಮೊದಲು ಹೇಳುವುದು. ಹದಿನಾರು ವರ್ಷದ ಮಲ್‌ಸುನ್ ತನ್ನ ಸರದಿ ಬಂದಾಗ ‘ಸೆವೆನ್’ ಎಂದಳು. ಯಾರೂ ನಗಲಿಲ್ಲ. ಕಾರ್ಖಾನೆಯಲ್ಲಿ ಅವರನ್ನೆಲ್ಲ ಯಂತ್ರದ ಸಂಖ್ಯೆಯಿಂದಲೇ ಕರೆಯುತ್ತಾರೆ.

“ಅದು ಮಿಷನ್ ನಂಬರು ಕಣಮ್ಮ. ನಿನ್ನ ಹೆಸರು ಹೇಳು,” ಎಂದೆ.

“ಅಯ್ಯೋ ಮೇಷ್ಟ್ರೇ, ಇಲ್ಲಿ ಅದನ್ನ ಕೇಳೋರು ಯಾರು?” ಎಂದಳು. ಆಮೇಲೆ ಹೇಳಿದಳು.

ಸೋಮವಾರ ಮೇಲ್ವಿಚಾರಕರು, “ಏಯ್ ಏಳನೇ ನಂಬರು! ಕಿವಿ ಕೇಳಲ್ವಾ?” ಎಂದು ಕೂಗಿದರಂತೆ. “ಕೇಳುತ್ತೆ ಸಾರ್. ನನ್ನ ಹೆಸರು ಮಲ್‌ಸುನ್,” ಎಂದಳಂತೆ. ಅಂದೇ ಅವಳನ್ನು ಕೆಲಸದಿಂದ ತೆಗೆದರು.

ಕಾರ್ಮಿಕರ ಹಕ್ಕುಗಳ ಬಗ್ಗೆ ನಾನು ಓದುವ ಕರಪತ್ರಗಳ ಒಂದು ಸಾಲನ್ನೂ ಈ ಹುಡುಗಿಯರಿಗೆ ಹೇಳಿರಲಿಲ್ಲ. ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತಿದೆ.

ಬೇರೆ ಕಡೆ ಕೆಲಸ ಹುಡುಕಲು ಅವಳಿಗೆ ನಿಮ್ಮ ಶಿಫಾರಸು ಪತ್ರ ಬೇಕು. ಅವಳ ಜಾಗಕ್ಕೆ ಬಂದಿರುವ ಹೊಸ ಹುಡುಗಿ, ಈ ಭಾನುವಾರ ಪಾಠ ಇದೆಯೇ ಎಂದು ಕೇಳಿ ಕಳಿಸಿದ್ದಾಳೆ. ಏನು ಹೇಳಲಿ?

ಇಂತಿ,
ತಾಕ್ ಗಿಹೋ