ಕಿಟಕಿ ಅಲ್ಲ, ಪೋರ್ಟ್‌ಲೈಟ್

ಮಾರ್ಚ್ ೧೨, ಬುಧವಾರ

ಪ್ರೀತಿಯ ಮಗಳೇ,

ಚೆನ್ನಾಗಿದ್ದೀಯಾ? ನೀನು ಪಾಠ ಮಾಡುವ ಶಾಲೆಯ ಪರೀಕ್ಷೆಗಳೆಲ್ಲ ಮುಗಿದು ಈಗ ಸ್ವಲ್ಪ ಉಸಿರು ಬಿಡುವಂತಾಗಿದೆ ಎಂದುಕೊಂಡಿದ್ದೇನೆ. ಪತ್ರ ಬರೆಯುತ್ತೇನೆ ಎಂದು ಹೇಳಿ ಎರಡು ತಿಂಗಳಾಯಿತು. ನನ್ನ ಮೇಲೆ ಕೋಪ ಬಂದಿದ್ದರೆ ನ್ಯಾಯವೇ. ಫೋನಿನಲ್ಲಿ ನೀನು "ಅಪ್ಪನಿಗೆ ಮಾತು ಬಂತಾ?" ಎಂದು ಕೇಳಿದಾಗಲೆಲ್ಲ "ಹೂಂ, ಪರವಾಗಿಲ್ಲ" ಎಂದು ಹಾರಿಸಿಬಿಡುತ್ತಿದ್ದೆ. ಏನು ಮಾಡಲಿ, ಇರುವುದು ಎರಡು ಕೋಣೆ. ಅವರು ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ. ಪಾರ್ಶ್ವವಾಯು ಹೊಡೆದು ನಾಲಿಗೆ ಸೋತಿರಬಹುದು, ಕಿವಿಗೆ ಎಲ್ಲವೂ ಅರ್ಥವಾಗುತ್ತದೆ. ಎದುರಿಗಿರುವ ಮನುಷ್ಯನ ಬಗ್ಗೆ ಅವರಿಲ್ಲದ ಹಾಗೆ ಮಾತಾಡಲು ಮನಸ್ಸು ಬರಲಿಲ್ಲ. ಈಗ ಊಟ ಮಾಡಿ ಮಲಗಿದ್ದಾರೆ, ಅದಕ್ಕೇ ಬರೆಯಲು ಕೂತೆ.

ನೀನು ಬಂದು ಹತ್ತು ದಿನ ಇದ್ದು ಹೋದೆಯಲ್ಲ, ಆಗ ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು, "ಅದು". ಆಮೇಲೂ ಎಷ್ಟೋ ದಿನ ಹಾಗೆಯೇ. ನೀರೂ ಅದು, ಕನ್ನಡಕವೂ ಅದು, ನಾನೂ ಅದು. "ಮೂವತ್ತೈದು ವರ್ಷ ಸಂಸಾರ ಮಾಡಿ ಕೊನೆಗೆ ನಾನು 'ಅದು' ಆದೆ ನೋಡಿ" ಎಂದು ನಗಿಸಲು ಹೋದೆ. ನಗಲಿಲ್ಲ, ಮುಖ ಆ ಕಡೆ ತಿರುಗಿಸಿದರು. ಜೀವಮಾನವೆಲ್ಲ ದೋಣಿಗಳ ಬಾಗಿಲು ಕಿಟಕಿ ಮಾಡಿದವರು, ಒಂದೊಂದರ ಹೆಸರನ್ನೂ ಮಂತ್ರದ ಹಾಗೆ ಹೇಳುತ್ತಿದ್ದವರು. ನಿನಗೂ ಗೊತ್ತಲ್ಲ, ಯಾರಾದರೂ ದೋಣಿಯ 'ಕಿಟಕಿ' ಎಂದರೆ ಸಾಕು, ಮೈಮೇಲೆ ಬರುತ್ತಿತ್ತು. "ಮನೆಗೆ ಕಿಟಕಿ ಇಡೋದು ಗಾಳಿ ಒಳಗೆ ಬರ್ಲಿ ಅಂತ. ದೋಣಿಗೆ ಇಡೋದು ನೀರು ಹೊರಗೇ ಇರ್ಲಿ ಅಂತ. ಎರಡಕ್ಕೂ ಒಂದೇ ಹೆಸರು ಹೆಂಗೆ ಇಡ್ತೀರಿ?" ಎನ್ನುತ್ತಿದ್ದರು.

ವಾರಕ್ಕೆ ಎರಡು ಸಲ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಪುಣ್ಯಾತ್ಗಿತ್ತಿ, ತುಂಬಾ ತಾಳ್ಮೆ. ಆದರೆ ಅವರ ಹತ್ತಿರ ಇರುವುದು ಮಕ್ಕಳ ಚಿತ್ರದ ಕಾರ್ಡು: ಬಾಚಣಿಗೆ, ಬಾಳೆಹಣ್ಣು, ಬೆಕ್ಕು. ಅವನ್ನು ನೋಡಿದರೆ ನಿಮ್ಮಪ್ಪನಿಗೆ ಅವಮಾನ, ಕಾರ್ಡನ್ನೇ ತಳ್ಳುತ್ತಿದ್ದರು. ಒಂದು ದಿನ ಮೇಡಂ ನಾಯಿಯ ಚಿತ್ರ ಹಿಡಿದು, "ಇದು ಡಾಗ್ ಅಲ್ವಾ ಸಾರ್? ಹೇಳಿ ನೋಡೋಣ" ಎಂದರು. ಅಪ್ಪ ತುಂಬಾ ಹೊತ್ತು ತುಟಿ ಕಚ್ಚಿ, ಬೆವರಿ, ಕೊನೆಗೆ ಸ್ಪಷ್ಟವಾಗಿ "ಬಾಗಿಲು" ಎಂದರು. ಮೇಡಂ ಪುಸ್ತಕದಲ್ಲಿ ತಪ್ಪು ಗುರುತು ಹಾಕಿದರು. ನನಗೆ ಎದೆ ಒಡೆಯಿತು. ಇನ್ನು ಬುದ್ಧಿಯೂ ಹೋಯಿತು ಎಂದುಕೊಂಡೆ.

ಆ ಭಾನುವಾರ ದೋಣಿ ಯಾರ್ಡಿನಿಂದ, ಅಪ್ಪನನ್ನು ಮೇಷ್ಟ್ರು ಎಂದೇ ಕರೆಯುವ ವೆಲ್ಡರಣ್ಣ ನೋಡಲು ಬಂದಿದ್ದ. ಅಡುಗೆಮನೆಯಲ್ಲಿ ಮೆಲ್ಲಗೆ ಅವನಿಗೆ ಈ ಸಂಗತಿ ಹೇಳಿದೆ. ಅವನು ಕಾಫಿ ಲೋಟ ಕೆಳಗಿಟ್ಟು ನಗಲು ಶುರು ಮಾಡಿದ.

"ಅತ್ತಿಗೆ, ಮೇಷ್ಟ್ರು ತಪ್ಪು ಹೇಳಿಲ್ಲ. ಹಡಗಲ್ಲಿ ನೀರು ಬರದಿರೋ ಬಾಗಿಲು ಇರುತ್ತಲ್ಲ, ಅದನ್ನ ಬಿಗಿಯಾಗಿ ಕಚ್ಚಿ ಹಿಡಿಯೋಕೆ ಸುತ್ತ ಹಿಡಿಗಳಿರ್ತವೆ. ನಾವು ಅದಕ್ಕೆ ಡಾಗ್ ಅಂತಾನೇ ಕರೆಯೋದು. ಅವರ ತಲೇಲಿ ನಾಯಿ ಇಲ್ಲ, ಬಾಗಿಲಿದೆ."

ಮಗಳೇ, ಅಷ್ಟು ದಿನ ಒಲೆ ಮುಂದೆ ನಿಂತು ಅತ್ತವಳು ಅವತ್ತು ನಕ್ಕು ನಕ್ಕು ಅತ್ತೆ. ಅವರು ಎಲ್ಲೂ ಹೋಗಿಲ್ಲ, ನಾವು ಬೇರೆ ದಾರಿಯಲ್ಲಿ ಹುಡುಕುತ್ತಿದ್ದೆವು, ಅಷ್ಟೆ.

ಮಾರನೆಯ ದಿನ ಲಾಂಡ್ರಿಯಲ್ಲಿ ಅರ್ಧ ದಿನ ರಜೆ ಹಾಕಿ ಯಾರ್ಡಿಗೆ ಹೋದೆ. ಇಷ್ಟು ವರ್ಷದಲ್ಲಿ ಗೇಟಿನವರೆಗೆ ಊಟದ ಡಬ್ಬಿ ತಂದುಕೊಟ್ಟವಳು ಮೊದಲ ಸಲ ಒಳಗೆ ಕಾಲಿಟ್ಟೆ. ವೆಲ್ಡರಣ್ಣ ಒಂದೊಂದನ್ನೂ ಮುಟ್ಟಿಸಿ ತೋರಿಸಿದ. ಡೆಕ್ಕಿನ ಮೇಲೆ ಮುಚ್ಚಳದ ಹಾಗೆ ಎತ್ತುವುದು ಹ್ಯಾಚ್. ಅದರ ಸುತ್ತ ನೀರು ನುಗ್ಗದಂತೆ ಎಬ್ಬಿಸಿದ ಕಟ್ಟೆ ಕೋಮಿಂಗ್. ಪಕ್ಕದ ಗೋಡೆಯ ಗಾಜು ಪೋರ್ಟ್‌ಲೈಟ್. ನಾನು ಎಲ್ಲದರ ಚಿತ್ರ ಬರೆದುಕೊಂಡೆ. ನನ್ನ ಚಿತ್ರ ಹೇಗಿರುತ್ತದೆ ಎಂದು ನಿನಗೆ ಗೊತ್ತು, ಹ್ಯಾಚ್ ಹೋಗಿ ಇಸ್ತ್ರಿಪೆಟ್ಟಿಗೆ ಆಗಿತ್ತು.

ಮನೆಗೆ ಬಂದು ರಟ್ಟಿನ ಮೇಲೆ ಅಂಟಿಸಿ ಅವರ ಮುಂದೆ ಹಿಡಿದೆ. ಸುಮ್ಮನೆ ನೋಡಿದರು. ನಾನು ಬೇಕೆಂದೇ "ಇದು ಕಿಟಕಿ" ಎಂದೆ. ಹುಬ್ಬು ಗಂಟಾಯಿತು. "ಕಿಟಕೀನೇ ತಾನೇ?" ಎಂದೆ ಮತ್ತೆ. ಎಡಗೈಯಲ್ಲಿ ಕುರ್ಚಿಯ ತೋಳು ಗುದ್ದಿದರು. ಆಮೇಲೆ ಎಲ್ಲಿಂದಲೋ ಎಳೆದು ತಂದ ಹಾಗೆ, "ಕಿಟಕಿ... ಅಲ್ಲ. ಪೋರ್ಟ್... ಲೈಟ್."

ಅಂದಿನಿಂದ ನನ್ನ ಕೆಲಸ ತಪ್ಪು ಹೇಳುವುದು, ಅವರ ಕೆಲಸ ತಿದ್ದುವುದು. ಹೊಗಳಿದರೆ ಬಾರದ ಮಾತು ಸಿಟ್ಟಿಗೆ ಬರುತ್ತದೆ. ಈಗ ಇಪ್ಪತ್ತಾರು ಮಾತುಗಳಿವೆ. ಯಾರ್ಡಿನ ಮಾತಿನ ಹಿಂದೆಯೇ ಮನೆಯ ಮಾತುಗಳೂ ಒಂದೊಂದಾಗಿ ಬರುತ್ತಿವೆ: ಬೀಗ, ಗಾಜು, ನೀರು, ಚಳಿ. ಮೇಡಂ ಕೂಡ ನನ್ನ ಕಾರ್ಡುಗಳನ್ನೇ ಇಸಿದುಕೊಂಡು ಕಲಿಸುತ್ತಿದ್ದಾರೆ.

ಹೋದ ವಾರ ಅಪ್ಪನನ್ನೂ ಯಾರ್ಡಿಗೆ ಕರೆದುಕೊಂಡು ಹೋದೆ. ಒಂದು ಹಳೆಯ ಪ್ರಯಾಣಿಕರ ದೋಣಿಯ ರಿಪೇರಿ ನಡೆದಿತ್ತು. ಅಪ್ಪನೇ ಹಿಂದೆ ಬರೆದಿಟ್ಟ ಪಟ್ಟಿಯಲ್ಲಿ 'ಡೆಡ್‌ಲೈಟ್ ಎಂಟು' ಎಂದಿತ್ತಂತೆ. ಕೆಲವರು ತೆರೆಯಲು ಬಾರದ ಗಾಜಿಗೆ ಹಾಗೆನ್ನುತ್ತಾರೆ, ಕೆಲವರು ಬಿರುಗಾಳಿಯಲ್ಲಿ ಗಾಜಿನ ಮೇಲೆ ಮುಚ್ಚುವ ಕಬ್ಬಿಣದ ಮುಚ್ಚಳಕ್ಕೆ. ಯಾರ್ಡಿನ ಯಜಮಾನರು ಗಾಜು ತರಿಸಲು ಹೊರಟಿದ್ದರು. ವೆಲ್ಡರಣ್ಣ ಪಟ್ಟಿ ತಂದು ಅಪ್ಪನ ತೊಡೆಯ ಮೇಲಿಟ್ಟು, "ಮೇಷ್ಟ್ರೇ, ಗಾಜೋ ಮುಚ್ಚಳವೋ?" ಎಂದ. ಹತ್ತು ಜನ ಕೆಲಸ ನಿಲ್ಲಿಸಿ ನಿಂತರು. ಅಪ್ಪ ದೋಣಿಯ ಕೆಳಗಿನ ಸಾಲು ತೋರಿಸಿ, "ಮುಚ್ಚಳ. ಅಲೆ... ಹೊಡೆಯುತ್ತೆ" ಎಂದರು. ನನ್ನ ತಪ್ಪು ತಿದ್ದಲು ಅಲ್ಲದೆ, ತಾವಾಗಿಯೇ ಎರಡು ಮಾತು ಸೇರಿಸಿ ಅವರು ಹೇಳಿದ ಮೊದಲ ವಾಕ್ಯ ಅದು. ಯಜಮಾನರು ತಾವೇ ಪೆನ್ನು ತೆಗೆದು ತಿದ್ದಿದರು. ಮನೆಗೆ ಬರುವಾಗ ಆಟೋದಲ್ಲಿ ನನ್ನ ಕೈ ಬಿಡಲೇ ಇಲ್ಲ ನೋಡು.

ನಿನ್ನ ಹೆಸರು ಇನ್ನೂ ಬಂದಿಲ್ಲ. ಬೇಸರ ಮಾಡಿಕೊಳ್ಳಬೇಡ, ನನ್ನದೂ ಬಂದಿಲ್ಲ. ನಿನ್ನ ಫೋಟೋ ಹಿಡಿದರೆ ಹೆಬ್ಬೆರಳಿನಿಂದ ಕೆನ್ನೆ ಸವರುತ್ತಾರೆ. ರಜೆಗೆ ಬಂದಾಗ ನೀನೂ ಒಂದೆರಡು ತಪ್ಪು ಹೇಳು, ಖುಷಿಪಡುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹಿಡಿದ ಕೆಲಸ ಕೈಗೂಡಲಿ, ಮನಸ್ಸು ತಣ್ಣಗಿರಲಿ. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಬೆನ್ನಿಗಿದೆ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಅಪ್ಪನಿಗೆ ಪಾರ್ಶ್ವವಾಯು ಹೊಡೆದ ದಿನ ಬೆಳಗ್ಗೆ ತಿಂಡಿಗೆ ಕೂತಾಗ ಅವರು ಎಂದಿನಂತೆ ಯಾವುದೋ ಹ್ಯಾಚಿನ ಕಥೆ ಹೇಳುತ್ತಿದ್ದರು. ನನಗೆ ಕೆಲಸಕ್ಕೆ ತಡವಾಗಿತ್ತು. "ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ಇರೋಕಾಗಲ್ವಾ ನಿಮಗೆ?" ಎಂದುಬಿಟ್ಟೆ. ಸುಮ್ಮನಾದರು. ಹೊರಡುವಾಗ ಹೊಸ್ತಿಲಲ್ಲಿ ನಿಂತು ನನ್ನ ಕಡೆ ನೋಡಿದರು, ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಮುನಿಸು ಎಂದುಕೊಂಡು ನಾನು ಬೆನ್ನು ತಿರುಗಿಸಿದೆ. ಯಾರ್ಡಿನಲ್ಲಿ ಬಿದ್ದದ್ದು ಅದಾಗಿ ಮೂರು ತಾಸು ಕಳೆದ ಮೇಲೆ. ಇನ್ನೂ ಬೇಗ ಕರೆತಂದಿದ್ದರೆ ಎಂದು ಡಾಕ್ಟರು ನಿನ್ನ ಎದುರಿಗೇ ಹೇಳಿದರಲ್ಲ. ಕೊನೆಗೆ ಸರಿಯಾಗಿ ಮಾತಾಡಿದ್ದು ಯಾವಾಗ ಎಂದು ಡಾಕ್ಟರು ಕೇಳಿದಾಗ, ಹೊರಡುವಾಗ "ಬರ್ತೀನಿ" ಅಂದ್ರು ಎಂದು ಸುಳ್ಳು ಹೇಳಿದೆ. ಆ ಹೊಸ್ತಿಲಲ್ಲಿ ಇದ್ದದ್ದು ಮುನಿಸೋ, ಆಗಲೇ ಮಾತು ನಿಂತಿತ್ತೋ, ಹೇಳಬಲ್ಲವರು ಅವರೊಬ್ಬರೇ. ಅಷ್ಟು ಹೇಳುವಷ್ಟು ಮಾತು ಬರಲಿ ಎಂದೇ ದಿನವೂ ಕಾರ್ಡು ಹಿಡಿದು ಕೂರುತ್ತೇನೆ ಮಗಳೇ. ಬಂದೇಬಿಟ್ಟರೆ ಹೇಗೆ ಕೇಳಲಿ?