ಊಳಿಡದ ಗಿಟಾರ್

ಮಾರ್ಚ್ 4, ಬೆಳಿಗ್ಗೆ

ಮತ್ತೆ ವಾಪಸ್. ಟೀ ಲೋಟಕ್ಕೆ ಬಾಯಿ ಇಡುವ ಮೊದಲೇ ಕಿರಿಕಿರಿ ಮೇಡಂ ಬಂದು ಗಿಟಾರ್ ಕೇಸನ್ನು ನನ್ನ ಮೇಜಿನ ಮೇಲೆ ಕುಕ್ಕಿದರು. ಹೋಟೆಲ್, ಹಾಲ್‌ಗಳಲ್ಲಿ ನುಡಿಸುವವರು. ‘ಕಿರಿಕಿರಿ’ ಎಂಬ ಹೆಸರು ಅಣ್ಣ ಇಟ್ಟದ್ದು, ಬೆನ್ನ ಹಿಂದೆ.

“ಇದೇನಮ್ಮ, ಗಿಟಾರಾ ನಾಯಿನಾ? ವಾಲ್ಯೂಮ್ ಸ್ವಲ್ಪ ಏರಿಸಿದ್ರೆ ಊಳಿಡುತ್ತೆ!”

ಸುಳ್ಳಲ್ಲ. ಹಳೆಯ ಕಾಲದ ಎಲೆಕ್ಟ್ರಿಕ್ ಗಿಟಾರ್‌ಗಳ ತದ್ರೂಪು ನಾವು ಮಾಡುವುದು. ಟೊಳ್ಳು ಹೊಟ್ಟೆ, ಎದೆಯ ಮೇಲೆ ಎರಡು ಉದ್ದ ಸೀಳು, ಜೇನುಬಣ್ಣದ ಪಾಲಿಶ್. ಆಂಪ್ಲಿಫೈಯರ್ ಸದ್ದಿಗೆ ಹೊಟ್ಟೆ ಅದುರುತ್ತದೆ, ತಂತಿಯನ್ನೂ ಅದುರಿಸುತ್ತದೆ, ಆ ಸದ್ದು ಮತ್ತೆ ಆಂಪ್‌ಗೆ... ಕೊನೆಗೆ ಕಿವಿ ಹರಿಯುವ ಊಳು.

ಅವರು ಹೋದ ಮೇಲೆ ಅಣ್ಣ: “ಇನ್ನೊಂದ್ಸಲ ವಾಪಸ್ ಬಂದ್ರೆ ಟೊಳ್ಳು ಗಿಟಾರ್ ಬಂದ್. ಗಟ್ಟಿ ಮರದ್ದೇ ಮಾಡೋಣ. ತಲೆನೋವಿಲ್ಲ.”

ವರ್ಕ್‌ಶಾಪ್ ಅವನದು. ಆದರೆ ತೆಳು ಹಲಗೆಯನ್ನು ಬಿಸಿಯಲ್ಲಿ ಬಗ್ಗಿಸುವುದು ಅಪ್ಪ ನನಗೆ ಕಲಿಸಿದ ಕೆಲಸ. ಗಟ್ಟಿ ಮರದ ಗಿಟಾರ್‌ನಲ್ಲಿ ಬಗ್ಗಿಸುವುದೇನಿದೆ? ಮೆಷಿನ್ ಕೊರೆಯುತ್ತದೆ. ನಾನು ಗುಡಿಸಬೇಕು.

ಮಾರ್ಚ್ 6

ಸೀಳಿನೊಳಗೆ ಸ್ಪಂಜು ತುರುಕಿ ನೋಡಿದೆ. ನೆಗಡಿ ಹಿಡಿದವರು ಹಾಡಿದ ಹಾಗಾಯಿತು. ತೆಗೆದು ಬಿಸಾಕಿದೆ.

ಮಾರ್ಚ್ 9, ಸಂಜೆ

ಮೇಡಂ ಮನೆಗೇ ಹೋದೆ. ಅವರ ಹತ್ತಿರ ನಿಜವಾದ ಹಳೆಯ ಗಿಟಾರ್ ಒಂದಿದೆ; ಅದನ್ನು ನೋಡಬೇಕು ಎಂದೆ.

“ನಿಮ್ಮಣ್ಣ ಕಳಿಸಿದ್ರಾ?”

“ಇಲ್ಲ. ಗೊತ್ತಾದ್ರೆ ಕೊಂದೇಬಿಡ್ತಾನೆ.”

ನಕ್ಕರು. ಅವರು ನಗುವುದನ್ನು ಮೊದಲ ಸಲ ನೋಡಿದ್ದು. ಗಿಟಾರ್ ತಂದು ಹಾಸಿಗೆಯ ಮೇಲೆ ಮಗುವಿನಂತೆ ಮಲಗಿಸಿದರು. “ನಮ್ಮಪ್ಪಂದು. ಕಣ್ಣಲ್ಲಿ ನೋಡು, ಕೈಯಲ್ಲಿ ಬೇಡ.”

ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ, ಮೊಬೈಲ್ ಟಾರ್ಚ್. ಸೀಳಿನಿಂದ ಇಣುಕಿದೆ. ಮೇಲಿನ ಹಲಗೆಗೂ ಬೆನ್ನಿಗೂ ನಡುವೆ ಸಣ್ಣ ಮರದ ಕಾಲುಗಳು! ಸ್ಟೂಲ್ ಇಟ್ಟ ಹಾಗೆ. ನಮ್ಮದರೊಳಗೆ ಬರೀ ಗಾಳಿ.

“ಇಷ್ಟು ಒಳ್ಳೇದು ಇಟ್ಕೊಂಡು ನಮ್ಮದರ ಹಿಂದೆ ಯಾಕೆ ಬಿದ್ದಿದ್ದೀರಿ ಮೇಡಂ?”

“ಇದರ ಕುತ್ತಿಗೆ ಬಿರುಕು ಬಿಟ್ಟಿದೆ ಕಣೇ. ಇನ್ನು ಸ್ಟೇಜ್ ತಡೆಯಲ್ಲ. ನಿಮ್ಮದಕ್ಕೆ ಗಂಟಲಿದೆ. ಬುದ್ಧಿ ಇಲ್ಲ ಅಷ್ಟೆ.”

ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ. ಗಂಟಲಿದೆ!

ಮಾರ್ಚ್ 21

ಕಾಲು ಕೂರಿಸಿದೆ. ಊಳಿಡುವುದು ನಿಂತಿತು. ಹಾಡುವುದೂ ನಿಂತಿತು.

ಅಣ್ಣ ಬೆರಳಲ್ಲಿ ತಟ್ಟಿ, “ಬಾಗಿಲು ಮಾಡಿದ್ದೀಯ,” ಎಂದ.

ಏಪ್ರಿಲ್ 3

ಹನ್ನೆರಡು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ — ಬೈಗುಳ ಬಿಟ್ಟರೆ. ಕಾಲುಗಳನ್ನು ಕೆತ್ತಿ ಸಣ್ಣ ಮಾಡಿದೆ. ನಮ್ಮ ಮೇಲಿನ ಹಲಗೆಯೇ ದಪ್ಪವಾಯಿತು ಅನ್ನಿಸಿತು; ಅದನ್ನೂ ತೆಳು ಮಾಡಿದೆ. ಹಲಗೆ ಒತ್ತುವ ಪ್ರೆಸ್ಸಿನಲ್ಲಿ ಒಂದು ಹಪ್ಪಳದ ಹಾಗೆ ಪಟ್ಟನೆ ಒಡೆಯಿತು. ಅಣ್ಣ ಕೂಗಾಡಿದ. ನಾನೂ ಬಿಡಲಿಲ್ಲ.

“ನೋಡೋಕೆ ಹಳೇದರ ಥರ ಇದ್ರೆ ಸಾಕಲ್ವೇನೆ?”

“ನೋಡೋಕಾದ್ರೆ ಫೋಟೋ ಮಾರು!”

ಅತ್ತಿಗೆ ಮಧ್ಯೆ ಬಂದು ಇಬ್ಬರಿಗೂ ತಟ್ಟೆ ಕೊಟ್ಟಳು.

ಏಪ್ರಿಲ್ 11, ಮಧ್ಯಾಹ್ನ

ಬಂತು. ಬಂತು!

ತೆಳು ಹಲಗೆ ಈ ಸಲ ಒಡೆಯಲಿಲ್ಲ. ಸಣ್ಣ ಕಾಲು ಕೂರಿಸಿ, ತಂತಿ ಕಟ್ಟಿ ಮೀಟಿದೆ. ತುಂಬಿದ ದನಿ, ತುದಿಯಲ್ಲಿ ಗೆಜ್ಜೆಯಂಥ ಹೊಳಪು. ಅಣ್ಣ ಆಂಪ್‌ನ ಗುಂಡಿ ತಿರುಗಿಸಿದ. ಇನ್ನೂ ತಿರುಗಿಸಿದ. ಕಿಟಕಿ ಗಾಜು ಗಡಗಡ ಎಂದಿತು, ಪಕ್ಕದ ಟೈಲರಮ್ಮ ಕತ್ತರಿ ಹಿಡಿದೇ ಓಡಿಬಂದರು. ಊಳಿಲ್ಲ! ಅಣ್ಣ ಗಿಟಾರ್ ಕಸಿದುಕೊಂಡು ತನಗೆ ಬರುವ ಒಂದೇ ಹಾಡನ್ನು ಎಂದಿನಂತೆ ತಪ್ಪುತಪ್ಪಾಗಿ ನುಡಿಸಿದ. ಅತ್ತಿಗೆ ಮೇಲಿಂದ ಇಳಿದು ಬಂದು, “ರೇಡಿಯೋ ಅಂದ್ಕೊಂಡೆ. ನೀವಾ?” ಎಂದಳು. ಅವನ ಮುಖ ನೋಡಬೇಕಿತ್ತು!

ಏಪ್ರಿಲ್ 20, ಬೆಳಿಗ್ಗೆ

ನಿನ್ನೆ ಮೇಡಂ ಪ್ರೋಗ್ರಾಂ. ದೊಡ್ಡ ಹಾಲ್, ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ನಮ್ಮದನ್ನು ಒಂದೇ ಹಾಡಿಗೆ ನುಡಿಸುವುದಾಗಿ ಒಪ್ಪಿದ್ದರು. ಕೈಕೊಟ್ಟರೆ ಇರಲಿ ಎಂದು, ಬಿರುಕಿದ್ದರೂ, ಅವರಪ್ಪನ ಗಿಟಾರ್ ಪಕ್ಕದಲ್ಲೇ ಕೇಸಿನಲ್ಲಿತ್ತು.

ಮೊದಲ ಹಾಡು ಚೆನ್ನಾಗಿಯೇ ಹೋಯಿತು. ಎರಡನೆಯದಕ್ಕೂ ಕೇಸ್ ತೆರೆಯಲಿಲ್ಲ. ಮೂರನೆಯದರ ನಡುವೆ ವಾಲ್ಯೂಮ್ ಪೂರ್ತಿ ಏರಿಸಿ, ನೇರವಾಗಿ ಆಂಪ್ ಮುಂದೆ ಹೋಗಿ ನಿಂತರು. ಯಾವ ಟೊಳ್ಳು ಗಿಟಾರ್ ಆದರೂ ಹೆದರುವ ಜಾಗ. ಒಂದೇ ಸ್ವರ ಮೀಟಿ, ಬೆರಳು ಒತ್ತಿ ಹಿಡಿದರು. ನಾನು ಅಣ್ಣನ ಕೈ ಹಿಂಡಿದೆ. ಅವನೂ ಹಿಂಡಿದ. ಸ್ವರ ನಡುಗಲಿಲ್ಲ. ನಿಧಾನವಾಗಿ ದೊಡ್ಡದಾಯಿತು, ದುಂಡಗಾಯಿತು, ಹಾಲ್ ತುಂಬ ನಿಂತಿತು. ಡ್ರಮ್ ಬಾರಿಸುವವನು ಎತ್ತಿದ ಕೋಲು ಇಳಿಸುವುದನ್ನೇ ಮರೆತ.

ಹಾಡು ಮುಗಿಯುವ ಮೊದಲೇ ಎದ್ದು ನಿಂತು ಚಪ್ಪಾಳೆ ತಟ್ಟಿದವನು ನನ್ನ ಅಣ್ಣ. ಅಳುತ್ತಿದ್ದ. ದೂಳು ಎಂದ.

ಕೊನೆಗೆ ಮೇಡಂ ಕೆಳಗಿಳಿದು ಬಂದರು. ಗಿಟಾರ್ ಕೊರಳಲ್ಲೇ. “ಇದನ್ನ ನಾನು ವಾಪಸ್ ಕೊಡಲ್ಲ. ಬೇಕಾದ್ರೆ ನಿಮ್ಮಣ್ಣ ಪೊಲೀಸ್ ಕರೀಲಿ.”

ಅದೇ ದಿನ, ಹನ್ನೊಂದಕ್ಕೆ

ಬಾಗಿಲಲ್ಲಿ ಜನ. ನಿನ್ನೆ ಹಾಲ್‌ನಲ್ಲಿದ್ದ ನುಡಿಸುವವರೇ. ಅಂಥದ್ದೇ ಬೇಕಂತೆ, ಒಬ್ಬರಿಗೆ ಕಡುನೀಲಿ, ಇನ್ನೊಬ್ಬರಿಗೆ ಎಡಗೈಯದು. ಅಣ್ಣನ ದನಿ ಇಲ್ಲಿಗೇ ಕೇಳುತ್ತಿದೆ: “ನನ್ನನ್ನ ಕೇಳಬೇಡಿ ಸ್ವಾಮಿ. ಮಾಡೋಳು ನನ್ನ ತಂಗಿ, ಅವಳನ್ನೇ ಕೇಳಿ. ಅವಳು ಹೂಂ ಅಂದ್ರೆ ಹೂಂ.”

ಎಡಗೈಯದಕ್ಕೆ ಅಚ್ಚು ತಿರುಗಿಸಬೇಕು. ಒಳಗಿನ ಕಾಲೂ ಆ ಕಡೆಗೆ... ಬಂದೆ ಅಣ್ಣ, ಬಂ—